ಕಾರಿನ ಕೆಲಸಕ್ಕೆ ಎಷ್ಟು ಇಂಚಿನ ಪೈಪ್ ಪಕ್ಕಡ್ ಬೇಕು?

ಪ್ರಶ್ನೆ: ನಮ್ಮ ಊರು ಧಾರವಾಡ, ಈಗ ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಹನ್ನೆರಡು ವರ್ಷದ ಹಳೆಯ ವ್ಯಾಗನ್‌ಆರ್ ಇದೆ. ಆಯಿಲ್ ಬದಲಿಸುವುದು, ಕೂಲಂಟ್ ಹೋಸ್, ಬ್ರೇಕ್ ಪ್ಯಾಡ್, ಇಂಥ ಕೆಲಸಗಳನ್ನು ಸೊಸೈಟಿ ಪಾರ್ಕಿಂಗ್‌ನಲ್ಲೇ ಮಾಡಿಕೊಳ್ಳೋಣ ಅಂತಿದ್ದೇನೆ. ಅಂಗಡಿಯಲ್ಲಿ ಪೈಪ್ ರೆಂಚ್ ಪ್ಲೈಯರ್ 7, 10, 12, 16 ಇಂಚಿನವು ಇದ್ದವು. ದೊಡ್ಡದು ತಗೊಳ್ಳಿ, ಎಲ್ಲಕ್ಕೂ ಆಗುತ್ತದೆ ಎಂದರು. ಅಪ್ಪನ ಕಾಲದ 14 ಇಂಚಿನ ಪೈಪ್ ರೆಂಚ್ ಮನೆಯಲ್ಲೇ ಇದೆ. ಅದೇ ಸಾಲದೇ? ಕೊಳ್ಳಲೇಬೇಕಾದರೆ ಯಾವ ಅಳತೆ ಸರಿ?

ಉತ್ತರ: ಒಂದೇ ಕೊಳ್ಳುವುದಾದರೆ 10 ಇಂಚು, ಅಂದರೆ 250 ಮಿ.ಮೀ. ಇನ್ನೊಂದಕ್ಕೆ ದುಡ್ಡಿದ್ದರೆ 7 ಇಂಚಿನದ್ದು ತಗೊಳ್ಳಿ, 12 ಬೇಡ. ಅಪ್ಪನ 14 ಇಂಚಿನದ್ದನ್ನು ಕಾರಿನ ಹತ್ತಿರ ತರಲೇಬೇಡಿ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ 'ದೊಡ್ಡದು ಎಲ್ಲಕ್ಕೂ ಆಗುತ್ತದೆ' ಅನ್ನುವ ಮಾತನ್ನು ನಂಬಿ ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಮುಂಬೈಯಲ್ಲಿ ಪೈಪ್ ಪಾನಾ, ಪೈಪ್ ಪಕ್ಕಡ್, ಪಂಪ್ ಪ್ಲೈಯರ್ ಎಂದೆಲ್ಲ ಕೇಳಿದರೆ ಒಬ್ಬೊಬ್ಬರು ಒಂದೊಂದು ತೆಗೆದುಕೊಡುತ್ತಾರೆ. ನಿಮ್ಮ ಅಪ್ಪನ ಹತ್ತಿರ ಇರುವುದು ಪೈಪ್ ರೆಂಚ್. ಒಂದೇ ಹಿಡಿ, ಮೇಲೆ ಕೊಕ್ಕೆಯಂಥ ದವಡೆ, ನಡುವೆ ತಿರುಗಿಸುವ ದುಂಡು ನಟ್. ಅಮೆರಿಕದ ಡೇನಿಯಲ್ ಸ್ಟಿಲ್ಸನ್ 1869ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹಾಗಾಗಿ ಹಳಬರು ಇದನ್ನು ಸ್ಟಿಲ್ಸನ್ ಎಂದೂ ಕರೆಯುತ್ತಾರೆ. ದುಂಡನೆಯ ಕಬ್ಬಿಣದ ಪೈಪನ್ನು ಕಚ್ಚಿ ತಿರುಗಿಸುವುದಕ್ಕೇ ಹುಟ್ಟಿದ ಸಾಮಾನು ಅದು. ಎಳೆದಷ್ಟೂ ಹಲ್ಲು ಒಳಗೆ ಇಳಿಯುತ್ತದೆ. ಪೈಪಿಗೆ ಅದು ಸರಿ, ಯಾಕೆಂದರೆ ಪೈಪಿನ ಮೈಮೇಲೆ ಗೀರು ಬಿದ್ದರೆ ಯಾರೂ ಕೇಳುವುದಿಲ್ಲ. ಕಾರಿನಲ್ಲಿ ಗೀರು ಬಿದ್ದರೂ ನಡೆಯುತ್ತದೆ ಅನ್ನುವ ಜಾಗ ಬಹಳ ಕಡಿಮೆ.

ನೀವು ಅಂಗಡಿಯಲ್ಲಿ ನೋಡಿದ್ದು ಬೇರೆ. ಎರಡು ಹಿಡಿ, ನಡುವೆ ಜಾರಿಸಿ ಕೂರಿಸುವ ತೋಡುಗಳು, ಓರೆಯಾದ ಬಾಯಿ. ಇದಕ್ಕೆ ಸರಿಯಾದ ಹೆಸರು ವಾಟರ್ ಪಂಪ್ ಪ್ಲೈಯರ್. ನೀರಿನ ಪಂಪ್ ಅಂದರೆ ಬಿಲ್ಡಿಂಗಿನ ಮೋಟರ್ ಅಂತ ಜನ ತಿಳಿದಿದ್ದಾರೆ. ಅಲ್ಲ, ಇದು ಕಾರಿನದ್ದೇ ಮಾತು. ಹಳೆಯ ಕಾಲದ ಕಾರುಗಳ ವಾಟರ್ ಪಂಪಿಗೆ ಒಂದು ದೊಡ್ಡ ಪ್ಯಾಕಿಂಗ್ ನಟ್ ಇರುತ್ತಿತ್ತು. ನೀರು ಜಿನುಗಿದಾಗಲೆಲ್ಲ ಅದನ್ನು ಚೂರು ಬಿಗಿ ಮಾಡಬೇಕಿತ್ತು. ಅದಕ್ಕೆಂದು ಬಳಸುತ್ತಿದ್ದ ಪಕ್ಕಡಿಗೆ ಆ ಹೆಸರು ಬಂತು. ಈಗ ಆ ನಟ್ ಇಲ್ಲ, ಹೆಸರು ಮಾತ್ರ ಉಳಿದಿದೆ. ಈಗಿನ ತೋಡುಗಳಿರುವ ರೂಪ 1933ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಂತು. ಅದನ್ನು ಮಾಡಿದ ಕಂಪನಿ ಆಮೇಲೆ ಚಾನಲ್‌ಲಾಕ್ ಎಂದೇ ಹೆಸರು ಬದಲಿಸಿಕೊಂಡಿತು. ಮುಂಬೈಯ ಹಾರ್ಡ್‌ವೇರ್ ಪೇಟೆಯಾದ ನಾಗದೇವಿಯಲ್ಲಿ 'ವಾಟರ್ ಪಂಪ್ ಪ್ಲೈಯರ್, ಢಾಯಿಸೌ' (ಹಿಂದಿಯಲ್ಲಿ 250) ಅನ್ನಿ, ತಪ್ಪದೆ ಸರಿಯಾದದ್ದೇ ಕೈಗೆ ಬರುತ್ತದೆ.

ಈಗ ನನ್ನ ಪೆಟ್ಟಿನ ಕಥೆ. ಕುಂದಾಪುರದಿಂದ ಬಂದು ಕುರ್ಲಾದ ಒಂದು ಗ್ಯಾರೇಜಿಗೆ ಸೇರಿದ ಮೂರನೇ ವರ್ಷ. ಕೈಯಲ್ಲಿ ಹೊಸದಾಗಿ ಕೊಂಡ 12 ಇಂಚಿನ ಪ್ಲೈಯರ್. ಒಂದು ಸಣ್ಣ ಕಾರಿನ ರೇಡಿಯೇಟರ್ ಹೋಸ್ ಅಂಟಿಕೊಂಡು ಬರುತ್ತಿರಲಿಲ್ಲ. ಹೋಸಿನ ಮೇಲಿಂದಲೇ ಪ್ಲೈಯರ್ ಹಾಕಿ ಹಿಸುಕಿ ತಿರುಗಿಸಿದೆ. ಪಟ್ ಎಂದು ಸದ್ದು ಬಂತು. ಹೋಸ್ ಬಂತು ನಿಜ, ಆದರೆ ಒಳಗೆ ರೇಡಿಯೇಟರಿನ ಪ್ಲಾಸ್ಟಿಕ್ ಕುತ್ತಿಗೆಯೂ ಮುರಿದುಕೊಂಡು ಅದರ ಜೊತೆಗೇ ಬಂತು. ಹೊಸ ರೇಡಿಯೇಟರಿನ ಅರ್ಧ ದುಡ್ಡು ನನ್ನ ಸಂಬಳದಿಂದ ಹೋಯಿತು. ಸೇಠ್ ಬಯ್ಯಲಿಲ್ಲ. ಪ್ಲೈಯರನ್ನು ಎತ್ತಿ ಕೈಯಲ್ಲಿ ತೂಗಿ ನೋಡಿ, 'ಇದು ನಿನ್ನ ಕೈಗಿಂತ ದೊಡ್ಡದು' ಎಂದ, ಅಷ್ಟೇ. ಉದ್ದದ ಹಿಡಿಯಲ್ಲಿ ಹಿಸುಕಿದಾಗ ಬಾಯಿಯ ತುದಿಯಲ್ಲಿ ಏನಾಗುತ್ತಿದೆ ಅಂತ ಕೈಗೆ ಗೊತ್ತಾಗುವುದಿಲ್ಲ. ಬಲ ಜಾಸ್ತಿ, ಸುಳಿವು ಕಡಿಮೆ.

ಅಳತೆ ಆರಿಸುವಾಗ ಎಲ್ಲರೂ ಮೊದಲು ಉದ್ದ ನೋಡುತ್ತಾರೆ. ಬಾಯಿ ನೋಡಬೇಕು. ಒಳ್ಳೆಯ ತಯಾರಕರ ಪ್ಲೈಯರ್‌ಗಳಲ್ಲಿ ಬಾಯಿ ಎಷ್ಟು ಅಗಲ ತೆರೆಯುತ್ತದೆ ಅಂತ ಬರೆದಿರುತ್ತಾರೆ. ಜರ್ಮನಿಯ ಕ್ನಿಪೆಕ್ಸ್ ಕೋಬ್ರಾ ಹಿಡಿದು ಹೇಳುವುದಾದರೆ 180 ಮಿ.ಮೀ. ಉದ್ದದ್ದು ಸುಮಾರು 36 ಮಿ.ಮೀ. ನಟ್‌ವರೆಗೆ ಹಿಡಿಯುತ್ತದೆ, 250ರದ್ದು 46ರವರೆಗೆ, 300ರದ್ದು 60ರವರೆಗೆ. ದುಂಡನೆಯ ಸಾಮಾನಾದರೆ ಇನ್ನೂ ಸ್ವಲ್ಪ ಜಾಸ್ತಿ. ನಮ್ಮ ದೇಶದ ಮಾಲಿನಲ್ಲಿ ಅಂಕಿ ಸ್ವಲ್ಪ ಆಚೆ ಈಚೆ ಇರುತ್ತದೆ, ಆದರೆ ಲೆಕ್ಕ ಹೆಚ್ಚುಕಡಿಮೆ ಇದೇ.

ಇಲ್ಲಿ ಇಂಚಿನ ಒಂದು ಮೋಸ ಇದೆ. ಪ್ಲೈಯರಿನ 10 ಇಂಚು ಅಂದರೆ ಅದರ ಉದ್ದ. ಪೈಪಿನ 1 ಇಂಚು ಅಂದರೆ ಪೈಪಿನ ಒಳಗಿನ ತೂತಿನ ಅಂದಾಜು, ಹೊರಮೈ ಅಲ್ಲ. 1 ಇಂಚಿನ ಜಿಐ ಪೈಪಿನ ಹೊರಮೈ 33 ಮಿ.ಮೀ. ದಾಟುತ್ತದೆ, ಅರ್ಧ ಇಂಚಿನದ್ದು 21 ದಾಟುತ್ತದೆ. ಪ್ಯಾಕೆಟ್ ಮೇಲೆ 'ಪೈಪ್ 2 ಇಂಚು' ಅಂತ ಬರೆದಿದ್ದರೆ, ಆ ಇಂಚನ್ನು ನಿಮ್ಮ ಕಾರಿನ ನಟ್ ಮೇಲೆ ನೇರವಾಗಿ ಹೊಂದಿಸಬೇಡಿ. ಕಾರಿನಲ್ಲಿ ಎಲ್ಲವೂ ಮಿಲಿಮೀಟರ್. ಮನೆಯಲ್ಲಿ ಮಕ್ಕಳ ಸ್ಕೇಲ್ ಇದ್ದರೂ ಸಾಕು, ಹಿಡಿಯಬೇಕಾದ ಸಾಮಾನನ್ನು ಅಳೆದುಕೊಂಡು ಹೋಗಿ.

ಕಾರಿನಲ್ಲಿ ಈ ಪ್ಲೈಯರ್ ಹಿಡಿಯಬೇಕಾಗಿ ಬರುವುದು ಏನೇನು? ಹೋಸ್ ಕ್ಲಿಪ್, ಹೋಸು, ಟೈ ರಾಡಿನ ಲಾಕ್ ನಟ್, ತಲೆ ಸವೆದ ಬೋಲ್ಟು, ತುಕ್ಕು ಹಿಡಿದ ಎಕ್ಸಾಸ್ಟ್ ಕ್ಲಾಂಪು. ಇದರಲ್ಲಿ ದೊಡ್ಡದೆಂದರೆ ರೇಡಿಯೇಟರ್ ಹೋಸು. ಸಣ್ಣ ಕಾರಿನಲ್ಲಿ ಅದರ ಹೊರಮೈ ಸುಮಾರು 35ರಿಂದ 40 ಮಿ.ಮೀ. ಉಳಿದದ್ದೆಲ್ಲ 25ರ ಒಳಗೇ ಮುಗಿಯುತ್ತದೆ. ಅಂದರೆ 10 ಇಂಚಿನ ಬಾಯಿ ಬೇಕಾದಷ್ಟಾಯಿತು. ಬಾಯಿಯ ಲೆಕ್ಕದಲ್ಲಿ 12 ಬೇಕು ಅನ್ನಿಸುವ ಕೆಲಸಗಳೆಂದರೆ ಆಯಿಲ್ ಫಿಲ್ಟರ್ ಮತ್ತು ಬ್ರೇಕ್ ಪಿಸ್ಟನ್ನು. ಅವೆರಡಕ್ಕೂ ಪ್ಲೈಯರ್‌ಗಿಂತ ಒಳ್ಳೆಯ ದಾರಿ ಇದೆ, ಮುಂದೆ ಹೇಳುತ್ತೇನೆ.

ಉದ್ದದ ವಿಷಯಕ್ಕೆ ಬನ್ನಿ. ಪಾನಾ, ಅಂದರೆ ಸ್ಪ್ಯಾನರ್, ಸೆಟ್ ಒಂದನ್ನು ಸಾಲಾಗಿ ಇಟ್ಟು ನೋಡಿ. 10 ನಂಬರಿನ ಪಾನಾ ಗಿಡ್ಡ, 17ರದ್ದು ಉದ್ದ, 24ರದ್ದು ಇನ್ನೂ ಉದ್ದ. ಸುಮ್ನೆ ಅಂದಕ್ಕೆ ಹಾಗೆ ಮಾಡಿಲ್ಲ. ಸಣ್ಣ ಬೋಲ್ಟಿಗೆ ನಿಮ್ಮ ಕೈ ಜಾಸ್ತಿ ಬಲ ಹಾಕದಿರಲಿ ಎಂದೇ ಹಿಡಿ ಗಿಡ್ಡ ಮಾಡಿರುತ್ತಾರೆ. 10 ನಂಬರಿನ ಪಾನಾ ಬೀಳುವುದು ಹೆಚ್ಚಾಗಿ 6 ಮಿ.ಮೀ. ದಪ್ಪದ ಬೋಲ್ಟಿಗೆ. ಅದಕ್ಕೆ 10 ನ್ಯೂಟನ್ ಮೀಟರ್ ಬಿಗಿ ಧಾರಾಳ. 10 ಇಂಚಿನ ಪ್ಲೈಯರಿನಲ್ಲಿ ಕೈ ಇರುವುದು ಬಾಯಿಯಿಂದ ಸುಮಾರು 20 ಸೆಂ.ಮೀ. ದೂರದಲ್ಲಿ. ಅಲ್ಲಿ 5 ಕೆ.ಜಿ. ಎಳೆದರೆ ಸಾಕು, ಆ 10 ನ್ಯೂಟನ್ ಮೀಟರ್ ಆಗಿಹೋಯಿತು. 5 ಕೆ.ಜಿ. ಅಂದರೆ ಏನು, ಸಣ್ಣ ಅಕ್ಕಿ ಚೀಲ. ಗಂಡಸರು ಮೈಯೆಲ್ಲ ಬಳಸದೆ 20 ಕೆ.ಜಿ. ಎಳೆಯುತ್ತಾರೆ. ಅದು ಸುಮಾರು 40 ನ್ಯೂಟನ್ ಮೀಟರ್. ಆಯಿಲ್ ಡ್ರೈನ್ ಪ್ಲಗ್ಗಿನಂಥ ದಪ್ಪ ಬೋಲ್ಟಿಗೆ ಅದು ಸರಿ ಹೋಗುತ್ತದೆ, 6 ಮಿ.ಮೀ. ಬೋಲ್ಟು ಕಡಿದು ಕೈಗೆ ಬರುತ್ತದೆ. ಅಪ್ಪನ 14 ಇಂಚಿನದ್ದರಲ್ಲಿ ಅದೇ ಎಳೆತ 60ರ ಹತ್ತಿರ ಹೋಗುತ್ತದೆ. 7 ಇಂಚಿನದ್ದು ಎರಡನೆಯದಾಗಿ ಇರಲಿ ಅಂದದ್ದು ಇದಕ್ಕೇ. ಸಣ್ಣ ಸಾಮಾನಿಗೆ ಸಣ್ಣ ಹಿಡಿ.

ಇನ್ನು ಜಾಗ. ಈಗಿನ ಕಾರಿನ ಬಾನೆಟ್ ಎತ್ತಿದರೆ ಕೈ ಹಾಕುವುದೇ ಕಷ್ಟ, ಅಲ್ವಾ? 12 ಇಂಚಿನ ಪ್ಲೈಯರಿನ ಬಾಯಿ ತೆರೆದರೆ ಹಿಡಿಗಳೂ ಅಷ್ಟೇ ಅಗಲ ಬಿಚ್ಚಿಕೊಳ್ಳುತ್ತವೆ. ಅದನ್ನು ರೇಡಿಯೇಟರ್ ಫ್ಯಾನಿಗೂ ಇಂಜಿನಿಗೂ ನಡುವೆ ತೂರಿಸಿ ಮುಚ್ಚಲು ಜಾಗವೇ ಇರುವುದಿಲ್ಲ. 10ರದ್ದು ಕಷ್ಟಪಟ್ಟು ಹೋಗುತ್ತದೆ. 7ರದ್ದು ಆರಾಮ.

ಆಯಿಲ್ ಫಿಲ್ಟರ್. ನಿಮ್ಮ ತಲೆಯಲ್ಲಿ ಇದೇ ಮುಖ್ಯ ಇರಬೇಕು, ಹೆಚ್ಚಿನವರು ಪೈಪ್ ಪಕ್ಕಡ್ ಕೊಳ್ಳುವುದೇ ಇದಕ್ಕೆ. ಸಣ್ಣ ಕಾರುಗಳ ಫಿಲ್ಟರ್ ಡಬ್ಬಿಯ ಅಡ್ಡಳತೆ ಸಾಮಾನ್ಯವಾಗಿ 65ರಿಂದ 80 ಮಿ.ಮೀ. 10 ಇಂಚಿನ ಬಾಯಿ ಅಷ್ಟು ತೆರೆಯುವುದಿಲ್ಲ. 12ರದ್ದು ಸಣ್ಣ ಫಿಲ್ಟರಿಗೆ ತೆರೆಯುತ್ತದೆ, ಆದರೆ ಹಿಡಿದರೆ ತಗಡಿನ ಡಬ್ಬಿ ಅಪ್ಪಚ್ಚಿಯಾಗುತ್ತದೆ. ಅಪ್ಪಚ್ಚಿಯಾದ ಮೇಲೆ ಯಾವ ಸಾಮಾನೂ ಅದನ್ನು ಹಿಡಿಯುವುದಿಲ್ಲ. ಇದಕ್ಕೆ ಬಟ್ಟಲಿನಂಥ ಫಿಲ್ಟರ್ ಕ್ಯಾಪ್ ಸಿಗುತ್ತದೆ. ಫಿಲ್ಟರಿನ ತಲೆಯ ಮೇಲೆ ಟೊಪ್ಪಿಯ ಹಾಗೆ ಕೂರುತ್ತದೆ, ಹಿಂದಿನಿಂದ ಗೋಟಿ ಪಾನಾದ (ಸಾಕೆಟ್ ಸ್ಪ್ಯಾನರಿನ) ರ್‍ಯಾಚೆಟ್ ಹಾಕಿ ತಿರುಗಿಸುವುದು. ಹಳೆಯ ಫಿಲ್ಟರನ್ನು ಅಂಗಡಿಗೆ ಒಯ್ದು ಅದರ ತಲೆಗೆ ಕೂರಿಸಿ ನೋಡಿ ತಗೊಳ್ಳಿ. ಅಡ್ಡಳತೆ ಒಂದೇ ಇದ್ದರೂ ಅಂಚಿನ ಪಟ್ಟಿಗಳ ಸಂಖ್ಯೆ ಬೇರೆ ಇರುತ್ತದೆ. ಯಾರೋ ಹಿಂದೆ ಮೈ ಕೊಟ್ಟು ಬಿಗಿದು ಜಾಮ್ ಆಗಿದ್ದರೆ, ಬೇರೆ ಉಪಾಯವಿಲ್ಲದಿದ್ದರೆ, 12 ಇಂಚಿನದ್ದನ್ನು ಯಾರ ಹತ್ತಿರವಾದರೂ ಕೇಳಿ ತಂದು ಫಿಲ್ಟರಿನ ಬುಡದಲ್ಲಿ, ಇಂಜಿನಿಗೆ ಅಂಟುವ ಕಡೆ, ಹಿಡಿಯಿರಿ. ಅಲ್ಲಿ ಒಳಗೆ ದಪ್ಪ ಬಿಲ್ಲೆ ಇರುವುದರಿಂದ ಡಬ್ಬಿ ಗಟ್ಟಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಹಳೆಯ ಆಟ ಬೇಡ, ಡಬ್ಬಿ ಹರಿದು ಇನ್ನೂ ಫಜೀತಿ.

ಹೊಸ ಫಿಲ್ಟರ್ ಹಾಕುವಾಗ ಯಾವ ಪಕ್ಕಡೂ ಬೇಡ. ರಬ್ಬರಿಗೆ ಬೆರಳಿನಿಂದ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಫಿಲ್ಟರಿನ ಮೈಮೇಲೇ ಹೆಚ್ಚಾಗಿ ಬರೆದಿರುತ್ತದೆ. ಬಿಚ್ಚಿದ ಆಯಿಲನ್ನು ಗಟಾರಕ್ಕೆ ಸುರಿಯದೆ ಡಬ್ಬಿ ತುಂಬಿ ಯಾವುದಾದರೂ ಗ್ಯಾರೇಜಿಗೆ ಕೊಡಿ. ಸೊಸೈಟಿಯವರ ಬೈಗುಳವೂ ತಪ್ಪುತ್ತದೆ.

ಬ್ರೇಕ್ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಬೇಕು. ಬಹಳ ಮೆಕ್ಯಾನಿಕ್‌ಗಳು ದೊಡ್ಡ ಪ್ಲೈಯರಿನಿಂದ ಹಿಸುಕುತ್ತಾರೆ. ಪ್ಲೈಯರಿನ ದವಡೆ ಓರೆಯಾಗಿ ಒತ್ತುತ್ತದೆ, ಪಿಸ್ಟನ್ ಓರೆಯಾದರೆ ಸಿಕ್ಕಿಹಾಕಿಕೊಳ್ಳುತ್ತದೆ. ಬಡಗಿಗಳು ಬಳಸುವ ಸಿ ಕ್ಲಾಂಪ್ ತಗೊಳ್ಳಿ. ಹಳೆಯ ಪ್ಯಾಡನ್ನು ಪಿಸ್ಟನ್ ಮೇಲೆ ಅಡ್ಡ ಇಟ್ಟು ನಿಧಾನ ತಿರುಗಿಸಿ, ನೆಟ್ಟಗೆ ಹೋಗುತ್ತದೆ. ಹಾಗೆ ಮಾಡುವ ಮೊದಲು ಮೇಲಿನ ಬ್ರೇಕ್ ಆಯಿಲ್ ಡಬ್ಬಿ ನೋಡಿಕೊಳ್ಳಿ. ತುಂಬಿದ್ದರೆ ಉಕ್ಕುತ್ತದೆ, ಉಕ್ಕಿದ್ದು ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದುಬರುತ್ತದೆ.

ಹಾಗಾದರೆ 10 ಇಂಚಿನದ್ದು ನಿಜವಾಗಿ ದುಡಿಯುವುದು ಎಲ್ಲಿ? ಹೋಸಿನ ಸ್ಪ್ರಿಂಗ್ ಕ್ಲಿಪ್ಪಿನಲ್ಲಿ. ಎರಡು ಕಿವಿ ಇರುವ ಕಪ್ಪು ಕ್ಲಿಪ್ ನೋಡಿರುತ್ತೀರಿ. ಕಿವಿಗಳನ್ನು ಹತ್ತಿರ ತಂದರೆ ಕ್ಲಿಪ್ ಸಡಿಲ. ಮಾಮೂಲು ಪ್ಲೈಯರ್ ಅಷ್ಟು ಅಗಲ ತೆರೆದರೆ ಬಾಯಿ ವಿ ಆಕಾರವಾಗಿ ಕಿವಿ ಜಾರುತ್ತದೆ. ವಾಟರ್ ಪಂಪ್ ಪ್ಲೈಯರಿನ ದವಡೆಗಳು ಅಗಲ ತೆರೆದರೂ ಹೆಚ್ಚುಕಡಿಮೆ ಎದುರುಬದುರಾಗಿಯೇ ಇರುತ್ತವೆ. ಸರಿಯಾದ ತೋಡಿನಲ್ಲಿ ಕೂರಿಸಿದರೆ ಒಂದೇ ಕೈಯಲ್ಲಿ ಕೆಲಸ ಮುಗಿಯುತ್ತದೆ. ಕ್ಲಿಪ್ ಹಾರಿ ಕಣ್ಣಿಗೆ ಬೀಳಬಹುದು, ಕನ್ನಡಕ ಹಾಕಿಕೊಳ್ಳಿ. ಇಂಜಿನ್ ಪೂರ್ತಿ ತಣಿದಿರಬೇಕು. ಬಿಸಿ ಇದ್ದಾಗ ಒಳಗೆ ಒತ್ತಡ ಇರುತ್ತದೆ, ಸಡಿಲಿಸಿದ ಕೂಡಲೇ ಕುದಿನೀರು ಮುಖಕ್ಕೆ ಬರುತ್ತದೆ. ಅಂಟಿಕೊಂಡ ಹೋಸಿಗೆ ನನ್ನ ಹಾಗೆ ಹಿಸುಕಬೇಡಿ. ಪ್ಲೈಯರಿನಲ್ಲಿ ಬಟ್ಟೆ ಸುತ್ತಿ, ಹಗುರಾಗಿ ಹಿಡಿದು, ಎಡಕ್ಕೊಂದು ಬಲಕ್ಕೊಂದು ಸಣ್ಣ ತಿರುವು. ಆಗಲೂ ಬರದಿದ್ದರೆ ಬ್ಲೇಡಿನಿಂದ ಹೋಸನ್ನೇ ಉದ್ದಕ್ಕೆ ಸೀಳಿ ತೆಗೆಯಿರಿ. ಹೇಗೂ ಹೊಸದು ಹಾಕುತ್ತೀರಲ್ಲ.

ಮತ್ತೊಂದು ತುಕ್ಕಿನ ಕೆಲಸ. ಮುಂಬೈಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಧಾರವಾಡದಲ್ಲಿ ಹದಿನೈದು ವರ್ಷ ಓಡಿದ ಕಾರಿನ ಅಡಿಭಾಗಕ್ಕಿಂತ ಇಲ್ಲಿ ಏಳು ವರ್ಷ ನಿಂತ ಕಾರಿನದ್ದು ಹೆಚ್ಚು ಕೆಟ್ಟಿರುವುದನ್ನು ನೋಡಿದ್ದೇನೆ. ಬೋಲ್ಟು ಜಾಮ್ ಆಯಿತು ಅಂತ ಕೂಡಲೇ ಪ್ಲೈಯರ್ ತೆಗೆಯಬೇಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಸುತ್ತಿಗೆಯಿಂದ ತಲೆಗೆ ನಾಲ್ಕು ಪೆಟ್ಟು. ಆಮೇಲೆ ಆರು ಮೂಲೆಯ ಗೋಟಿ ಹಾಕಿ, ಹನ್ನೆರಡು ಮೂಲೆಯದ್ದು ಬೇಡ, ಅದು ಮೂಲೆಗಳನ್ನಷ್ಟೇ ಹಿಡಿದು ಸವೆಸುತ್ತದೆ. ಇಷ್ಟಾದರೂ ತಲೆ ಗೋಲ್ ಆಗಿಬಿಟ್ಟರೆ ಆಗ ಪ್ಲೈಯರಿನ ಸರದಿ. ಹಾಗೆ ತೆಗೆದ ಬೋಲ್ಟನ್ನು ಎಸೆದುಬಿಡಿ, ಹೊಸದು ಹಾಕಿ.

ಹಿಡಿಯುವ ದಿಕ್ಕೂ ಮುಖ್ಯ. ಸರಿಯಾದ ಕಡೆ ಎಳೆದರೆ ದವಡೆಗಳು ತಾವಾಗಿಯೇ ಇನ್ನಷ್ಟು ಕಚ್ಚುತ್ತವೆ, ಹಿಡಿಯನ್ನು ಜಾಸ್ತಿ ಹಿಸುಕಬೇಕಾಗಿಯೇ ಇಲ್ಲ. ಜಾರಿತು ಅಂದರೆ ಬಲ ಹೆಚ್ಚಿಸಬೇಡಿ, ಪ್ಲೈಯರನ್ನು ಮಗುಚಿ ಹಿಡಿಯಿರಿ. ಮತ್ತೆ, ನಿಮ್ಮ ಕಡೆಗೇ ಎಳೆಯಿರಿ. ತಳ್ಳಿದರೆ ಜಾರಿದಾಗ ಬೆರಳಿನ ಗಿಣ್ಣು ಕಬ್ಬಿಣಕ್ಕೆ ಹೋಗಿ ಬಡಿಯುತ್ತದೆ. ನನ್ನ ಬಲಗೈ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಾವ ಅಳತೆಯದ್ದೂ ಹಾಕಬಾರದ ಜಾಗಗಳೂ ಇವೆ. ಶಾಕ್ ಅಬ್ಸಾರ್ಬರಿನ ಹೊಳೆಯುವ ರಾಡು ಮೊದಲನೆಯದು. ಮೇಲಿನ ನಟ್ ಬಿಚ್ಚುವಾಗ ರಾಡು ತಿರುಗುತ್ತದೆ ಅಂತ ಪ್ಲೈಯರಿನಲ್ಲಿ ಹಿಡಿಯುತ್ತಾರೆ. ಒಂದು ಕೂದಲೆಳೆಯ ಗೀರು ಸಾಕು, ಸೀಲ್ ಹರಿದು ಎಣ್ಣೆ ಸೋರಲು ಶುರು. ರಾಡಿನ ತುದಿಯಲ್ಲೇ ಹಿಡಿಯಲು ಆಲನ್ ಕೀ ತೂತೋ ಚಪ್ಪಟೆ ಜಾಗವೋ ಕೊಟ್ಟಿರುತ್ತಾರೆ. ಬ್ರೇಕ್ ಪೈಪಿನ ಸಣ್ಣ ನಟ್ಟಿಗೆ ಫ್ಲೇರ್ ನಟ್ ಪಾನಾ ಬೇಕು, ಅದು ಇಲ್ಲದಿದ್ದರೆ ಆ ಕೆಲಸಕ್ಕೇ ಕೈ ಹಾಕಬೇಡಿ. ಎಸಿ ಪೈಪಿನ ಅಲ್ಯೂಮಿನಿಯಂ ನಟ್, ಸ್ಪಾರ್ಕ್ ಪ್ಲಗ್, ಬ್ಯಾಟರಿ ಟರ್ಮಿನಲ್ ಇವೂ ಹಾಗೆಯೇ. ಹಿಡಿಯ ಮೇಲಿನ ಬಣ್ಣದ ಪ್ಲಾಸ್ಟಿಕ್ ಕರೆಂಟ್ ತಡೆಯಲು ಹಾಕಿದ್ದಲ್ಲ. ಉದ್ದದ ಪ್ಲೈಯರ್ ಬ್ಯಾಟರಿಯ ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ನಿಂತು ನೋಡಿ. ಬಾಯಿಯನ್ನು ಕೊನೆಯ ತೋಡಿಗೆ ತೆರೆದು ದವಡೆಗಳನ್ನು ಅಡ್ಡಕ್ಕೆ ಅಲುಗಾಡಿಸಿ. ಹೊಸದರಲ್ಲೇ ಲೊಡಲೊಡ ಅಂದರೆ ವಾಪಸ್ ಇಡಿ. ಎರಡು ತುಂಡು ಒಂದರ ಪಕ್ಕ ಒಂದು ಕೂತಿರುವ ಮಾದರಿ ಅಗ್ಗ. ಒಂದರೊಳಗೆ ಒಂದು ತೂರಿರುವ ಬಾಕ್ಸ್ ಜಾಯಿಂಟ್ ಮಾದರಿಗೆ ಸ್ವಲ್ಪ ಹೆಚ್ಚು ಕೊಡಬೇಕು, ಕೊಡಿ. ಅದು ಬಲ ಬಿದ್ದಾಗ ತಿರುಚಿಕೊಳ್ಳುವುದಿಲ್ಲ. ನಿಮ್ಮ ಜೇಬಿನ ಪೆನ್ನನ್ನು ಬಾಯಿಗೆ ಕೊಟ್ಟು ಹಿಡಿದು ನೋಡಿ. ಹಿಡಿಗಳು ಪೂರ್ತಿ ಒಂದಕ್ಕೊಂದು ತಾಗಿದರೆ ಬೆರಳಿನ ಚರ್ಮ ನಡುವೆ ಸಿಕ್ಕುತ್ತದೆ. ನಾಸಿಕದ ಟಪಾರಿಯಾ ನಿಮ್ಮ ಕೆಲಸಕ್ಕೆ ಸಾಕು, ನನ್ನ ಡಬ್ಬಿಯಲ್ಲೂ ಅದೇ ಇದೆ. ಜರ್ಮನಿಯದ್ದು ಅದರ ಹಲವು ಪಟ್ಟು ಬೆಲೆ. ಬಟನ್ ಒತ್ತಿ ತೋಡು ಬದಲಿಸುವ ಸುಖ, 20ಕ್ಕೂ ಹೆಚ್ಚು ಸ್ಥಾನಗಳು, ಗಟ್ಟಿ ಹಲ್ಲು, ಎಲ್ಲ ನಿಜ. ದಿನಾ ಎಂಟು ಗಂಟೆ ಹಿಡಿಯುವವರಿಗೆ ಅದು ಬೇಕು. ತಿಂಗಳಿಗೊಂದು ಭಾನುವಾರ ಹಿಡಿಯುವವರು ಆ ದುಡ್ಡಿನಲ್ಲಿ ಒಳ್ಳೆಯ ರಿಂಗ್ ಪಾನಾ ಸೆಟ್ಟು, ಆರು ಮೂಲೆಯ ಗೋಟಿ ಸೆಟ್ಟು ತಗೊಳ್ಳಲಿ. ಈ ಎರಡು ಸೆಟ್ಟು ಇದ್ದರೆ ಪ್ಲೈಯರಿನ ನೆನಪೇ ಅಪರೂಪಕ್ಕೆ ಬರುತ್ತದೆ.

ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿಯಿರಿ, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ನಾಗದೇವಿ ಅಲ್ಲಿಂದ ನಡೆಯುವ ದೂರ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಹಳೆಯ ಫಿಲ್ಟರನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಒಂದರಲ್ಲಿ ಹಾಕಿದರೆ ಲೋಕಲ್‌ನಲ್ಲಿ ಪಕ್ಕದವರ ಪ್ಯಾಂಟಿಗೆ ಆಯಿಲ್ ಹತ್ತುತ್ತದೆ. ಅಪ್ಪನ ಪೈಪ್ ರೆಂಚಿನ ನಟ್ಟಿಗೆ ಎರಡು ಹನಿ ಎಣ್ಣೆ ಬಿಟ್ಟು ಒಣಬಟ್ಟೆಯಲ್ಲಿ ಸುತ್ತಿಡಿ. ಸೊಸೈಟಿಯ ಟಾಕಿ ಪೈಪ್ ಸೋರಿದ ದಿನ ನಿಮ್ಮ ಬಾಗಿಲನ್ನೇ ತಟ್ಟುತ್ತಾರೆ.